ಬಾಡಿದ ಗಿಡದ ವಿಚಾರಣೆ

ಓದತಕ್ಕ ಭಾಗ: ಯೋನನ ಗ್ರಂಥ, ೪ನೆಯ ಅಧ್ಯಾಯ



ನಿನೆವೆ ಪಟ್ಟಣದ ಹೊರಗೆ ಬಿಸಿಲಿನಲ್ಲಿ ಕೂತಿದ್ದ ಯೋನನಿಗೆ ನೆರಳಾಗುವ ಹಾಗೆ ಒಂದು ಬಳ್ಳಿ ಬೆಳೆದ ಸಂಗತಿಯನ್ನು ನೀವೆಲ್ಲರೂ ಬಲ್ಲಿರಿ. ಆ ಬಳ್ಳಿಯನ್ನು ನೋಡಿ ಅವನು ಬಹಳವಾಗಿ ಹಿಗ್ಗಿದನು. ಆದರೆ ಮರುದಿನ ಹೊತ್ತು ಮೂಡುವದಕ್ಕೆ ಮೊದಲೇ ಒಂದು ಹುಳವು ಅದಕ್ಕೆ ಬಾಯಿ ಹಾಕಿತು. ಬಳ್ಳಿ ಬಾಡಿ ಹೋಯಿತು. ತರುವಾಯ ಮೂಡಲ ಕಡೆಯಿಂದ ಬಿಸಿ ಗಾಳಿ ಎದ್ದಿತು, ಬಿಸಿಲು ಏರಿತು, ಯೋನನು ಬಳಲಿ ಸಾಯುವದೇ ಮೇಲೆಂದು ಕೋಪಿಸಿಕೊಂಡನು. ಈ ಚಿಕ್ಕ ಚರಿತ್ರೆಯಲ್ಲಿ ಎರಡು ಸಂಗತಿಗಳನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ಬಿಸಿಲು ಎಲ್ಲರ ಕಣ್ಣಿಗೆ ಕಂಡಿತು, ಆದರೆ ಬಳ್ಳಿಯನ್ನು ಕೆಡಿಸಿದ್ದು ಕತ್ತಲೆಯಲ್ಲಿ ಬಂದ ಹುಳವು. ಇದು ಮೊದಲನೆಯದು. ಒಂದು ಗಿಡಕ್ಕಾಗಿ ಇಷ್ಟು ಮರುಗಿದವನು ಲಕ್ಷಕ್ಕೂ ಮಿಕ್ಕಿದ ಜನರಿದ್ದ ಪಟ್ಟಣಕ್ಕಾಗಿ ಮರುಗಲಿಲ್ಲ. ಇದು ಎರಡನೆಯದು.

ಈ ಅಧ್ಯಾಯವನ್ನು ತಂಪು ದೇಶದಲ್ಲಿ ಕೂತು ಓದುವವರಿಗೆ ಅದರ ಬಿಸಿಗಾಳಿ ಬರೀ ಮಾತಾಗಿ ತೋರಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯವರಾದ ನಮಗೆ ಹಾಗಲ್ಲ. ಹೋಳಿ ಹುಣ್ಣಿವೆ ಕಳೆದ ಮೇಲೆ ಮಿರಗದ ಮಳೆ ಬೀಳುವ ವರೆಗೂ ನಮ್ಮ ಸಾಲೋಟಗಿಯಲ್ಲಿ ಬಿಸಿಲಿನ ಆಳಿಕೆಯೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ದಾಟುವದು ನಮಗೆ ಹೊಸದಲ್ಲ. ಅಂಥ ಕಾಲದಲ್ಲಿ ಬಚ್ಚಲ ಹಿಂದೆ ಐದಾರು ಟೊಮೆಟೊ ಗಿಡಗಳನ್ನು ಇಟ್ಟುಕೊಂಡ ತಾಯಂದಿರು ಎಷ್ಟು ಆಸೆಯಿಂದ ನೋಡುತ್ತಾರೆಂಬದು ನನಗೆ ಗೊತ್ತು. ಸಂತೆಯಲ್ಲಿ ಹಣ್ಣಿನ ಬೆಲೆ ಏರಿದಾಗ ಆ ಐದು ಗಿಡಗಳೇ ಮನೆಯ ಸಾರಿಗೆ ಆಧಾರ. ಹೀಗಿರಲಾಗಿ ಒಂದು ಮಧ್ಯಾಹ್ನ ಗಿಡಗಳು ತಲೆ ಬಾಗಿಸಿ ಎಲೆ ಜೋತು ಬಿಟ್ಟಿರುವದನ್ನು ಕಂಡರೆ ಮನಸ್ಸು ಕಳವಳಗೊಳ್ಳುವದು ಸಹಜವೇ.

ಆದರೆ ಆ ಕಳವಳದಲ್ಲಿ ನಾವು ಮಾಡುವ ಕೆಲಸಗಳು ಎರಡು. ಕೊಡ ತಂದು ನೀರು ಸುರಿಯುತ್ತೇವೆ. ನೀರಿನಿಂದ ಗುಣವಾಗದಿದ್ದರೆ ಯಾರ ಕಣ್ಣು ತಾಗಿತೆಂದು ಹುಡುಕುತ್ತೇವೆ. ಎರಡೂ ಒಂದೇ ದೋಷದಿಂದ ಹುಟ್ಟುತ್ತವೆ. ಅದು ಯಾವದಂದರೆ, ವಿಚಾರಣೆಯಿಲ್ಲದೆ ತೀರ್ಪು ಕೊಡುವದು. ಆದ್ದರಿಂದ ಬಾಡಿದ ಗಿಡವನ್ನು ಕ್ರಮವಾಗಿ ವಿಚಾರಿಸುವದು ಹೇಗೆಂಬದನ್ನು ಈ ಸಾರಿ ಹೇಳುತ್ತೇನೆ. ಗಿಡದ ಸಂಗತಿಯಲ್ಲಿ ಇದನ್ನು ಕಲಿತವನು ಮನುಷ್ಯರ ಸಂಗತಿಯಲ್ಲಿಯೂ ಸ್ವಲ್ಪ ನಿಧಾನಿಯಾಗುವನೆಂದು ನಂಬುತ್ತೇನೆ.

ಒಂದನೆಯದು, ಹೊತ್ತನ್ನು ವಿಚಾರಿಸಿರಿ.

ಗಿಡವು ಬೇರಿನಿಂದ ನೀರನ್ನು ಕುಡಿದು ಎಲೆಗಳಲ್ಲಿರುವ ಕಣ್ಣಿಗೆ ಕಾಣದ ರಂಧ್ರಗಳಿಂದ ಅದನ್ನು ಆವಿಯಾಗಿ ಬಿಡುತ್ತದೆ. ನಾವು ಬೆವರುವದರಿಂದ ಮೈ ತಂಪಾಗುವ ಹಾಗೆ ಅದಕ್ಕೂ ಇದರಿಂದ ತಂಪಾಗುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಎಲೆಗಳು ಬಿಡುವ ನೀರು ಬೇರು ಕುಡಿಯುವ ನೀರಿಗಿಂತ ಹೆಚ್ಚಾದರೆ ಎಲೆ ಸಡಿಲಾಗಿ ಜೋಲುತ್ತದೆ. ಭೂಮಿಯಲ್ಲಿ ಬೇಕಾದಷ್ಟು ತೇವವಿದ್ದರೂ ಹೀಗಾಗುವದುಂಟು. ಕೆಲವು ಸಾರಿ ಎಲೆಗಳು ಮೇಲಕ್ಕೆ ದೊನ್ನೆಯ ಹಾಗೆ ಸುರುಳಿಯಾಗುತ್ತವೆ. ಇದು ಬಿಸಿಲಿಗೆ ಮೈಯನ್ನು ಕಡಿಮೆ ಒಡ್ಡುವ ಗಿಡದ ಉಪಾಯವು.

ಆದ್ದರಿಂದ ಮಧ್ಯಾಹ್ನ ೨ ಗಂಟೆಗೆ ಗಿಡದ ಮೇಲೆ ತೀರ್ಪು ಕೊಡಬೇಡಿರಿ. ಹೊತ್ತು ಮುಳುಗಿದ ಮೇಲೆ ಒಮ್ಮೆ ಹೋಗಿ ನೋಡಿರಿ. ಮರುದಿನ ನಸುಕಿನಲ್ಲಿ ಮತ್ತೊಮ್ಮೆ ನೋಡಿರಿ. ರಾತ್ರಿಯ ತಂಪಿನಲ್ಲಿ ಎಲೆಗಳು ಮೊದಲಿನಂತೆ ಎದ್ದು ನಿಂತಿದ್ದರೆ ಅದು ಬಹುಶಃ ಬಿಸಿಲಿನ ಆಯಾಸ ಮಾತ್ರ. ನಸುಕಿನಲ್ಲಿಯೂ ತಲೆ ಬಾಗಿಸಿಯೇ ಇದ್ದರೆ ಆಗ ಕಾರಣವನ್ನು ಮುಂದೆ ಹುಡುಕತಕ್ಕದ್ದು.

ಇದೇ ಬಿಸಿಲಿನಲ್ಲಿ ಹೂವು ಉದುರುವದನ್ನು ಕಂಡು ಅನೇಕರು ಗಿಡವೇ ಕೆಟ್ಟಿತೆಂದು ಕಿತ್ತೊಗೆಯುತ್ತಾರೆ. ಹಗಲಿನ ಬಿಸಿ ಸುಮಾರು ೩೫ ಡಿಗ್ರಿಯ ಮೇಲೆ ಹೋದರೂ ರಾತ್ರಿಯು ತಂಪಾಗದಿದ್ದರೂ ಟೊಮೆಟೊ ಹೂವಿನ ಪರಾಗವು ಶಕ್ತಿಗುಂದುತ್ತದೆ, ಕಾಯಿ ಕಚ್ಚುವದಿಲ್ಲ. ಗಿಡವು ಜೀವದಿಂದಿದ್ದರೆ ತಂಪು ಬಂದಾಗ ಪುನಃ ಕಾಯಿ ಹಿಡಿಯುವದು. ಈ ಕಾಲದಲ್ಲಿ ಫಲ ಕೊಡಲಿಲ್ಲವೆಂಬದು ಎಂದೆಂದಿಗೂ ಕೊಡುವದಿಲ್ಲವೆಂಬದಕ್ಕೆ ಸಾಕ್ಷಿಯಲ್ಲ. ಲೂಕನ ಸುವಾರ್ತೆಯ ೧೩ನೆಯ ಅಧ್ಯಾಯದಲ್ಲಿ ಫಲವಿಲ್ಲದ ಅಂಜೂರದ ಮರವನ್ನು ಕಡಿಯಬೇಕೆಂದ ಒಡೆಯನ ಮುಂದೆ ತೋಟಗಾರನು ಇನ್ನೊಂದು ವರುಷದ ಅವಧಿಯನ್ನು ಬೇಡಿದನಲ್ಲವೇ? ಆದರೆ ಅವನು ಅವಧಿಯನ್ನು ಮಾತ್ರ ಬೇಡಲಿಲ್ಲ. ಸುತ್ತಲೂ ಅಗಿದು ಗೊಬ್ಬರ ಹಾಕುತ್ತೇನೆಂದು ತನ್ನ ಕೆಲಸವನ್ನೂ ಒಪ್ಪಿಕೊಂಡನು.

ಎರಡನೆಯದು, ಮಣ್ಣನ್ನು ವಿಚಾರಿಸಿರಿ.

ಮೇಲಿನ ಮಣ್ಣು ಒಣಗಿದೆಯೆಂದು ಕಣ್ಣು ಹೇಳುತ್ತದೆ. ಒಳಗೆ ಹೇಗಿದೆಯೆಂಬದನ್ನು ಬೆರಳು ಮಾತ್ರ ಹೇಳಬಲ್ಲದು. ಗಿಡದಿಂದ ಸ್ವಲ್ಪ ದೂರ ಬೆರಳನ್ನು ಪೂರ್ಣವಾಗಿ ಮಣ್ಣಿನೊಳಗೆ ಇಳಿಸಿರಿ. ಬೆರಳಿನ ತುದಿಗೂ ತೇವ ಹತ್ತದಿದ್ದರೆ ಗಿಡಕ್ಕೆ ನಿಜವಾಗಿ ಬಾಯಾರಿಕೆಯಾಗಿದೆ. ನೀರು ಕೊಡಿರಿ. ಆದರೆ ಚರಿಗೆಯಲ್ಲಿ ತಂದು ದಿನಾಲು ಚಿಮುಕಿಸುವದು ನೀರು ಕೊಟ್ಟ ಹಾಗಲ್ಲ. ಅಂಥ ನೀರು ಮೇಲಿನ ಎರಡು ಅಂಗುಲವನ್ನು ನೆನಸಿ ಆವಿಯಾಗಿ ಹೋಗುವದು. ಬೇರುಗಳೂ ಆ ತೇವವನ್ನು ನಂಬಿ ಮೇಲೆಯೇ ಉಳಿದು ಬಿಸಿಲಿಗೆ ಬೇಯುವವು. ಒಂದು ಗೇಣು ಆಳದ ವರೆಗೆ ಮಣ್ಣು ನೆನೆಯುವ ಹಾಗೆ ಬೆಳಿಗ್ಗೆ ನಿಧಾನವಾಗಿ ನೀರು ಬಿಟ್ಟು, ತಿರಿಗಿ ಬೆರಳು ಒಣಗಿದ ಮಣ್ಣನ್ನು ಮುಟ್ಟುವ ವರೆಗೆ ಕಾಯತಕ್ಕದ್ದು.

ಬೆರಳಿಗೆ ಹಸಿ ಕೆಸರು ಹತ್ತಿದರೆ ಏನು? ಇಲ್ಲಿಯೇ ಅನೇಕರು ಎಡವುತ್ತಾರೆ. ಗಿಡ ಬಾಡಿದೆ, ಆದ್ದರಿಂದ ಇನ್ನೊಂದು ಕೊಡ ನೀರು ಎಂದು ಸುರಿಯುತ್ತಾರೆ. ನಮ್ಮ ಸೀಮೆಯ ಎರೆಭೂಮಿಯು ನೀರು ಕುಡಿದು ಉಬ್ಬಿ, ಕುಡಿದದ್ದನ್ನು ಬೇಗ ಬಿಡದೆ ಹಿಡಿದುಕೊಳ್ಳುವಂಥಾದ್ದು. ಮಣ್ಣಿನ ಸಂದುಗಳಲ್ಲೆಲ್ಲಾ ನೀರು ತುಂಬಿದರೆ ಬೇರಿಗೆ ಗಾಳಿ ದೊರೆಯದು. ಗಾಳಿಯಿಲ್ಲದ ಬೇರು ಕೊಳೆಯುವದು. ಕೊಳೆತ ಬೇರು ನೀರಿನ ನಡುವೆಯೇ ಇದ್ದರೂ ನೀರು ಕುಡಿಯಲಾರದು. ಆಗ ಗಿಡವು ಕೆಸರಿನಲ್ಲಿ ನಿಂತು ಬಾಯಾರಿ ಸಾಯುವದು. ನೀರು ಹಾಕಿದ ಕೈ ಪ್ರೀತಿಯ ಕೈಯೇ ಸರಿ. ಆದರೆ ವಿಚಾರಿಸದೆ ತೋರಿಸಿದ ಪ್ರೀತಿಯು ಗಿಡವನ್ನು ಕೊಂದಿತು. ಇಂಥ ಗಿಡಕ್ಕೆ ನೀರು ನಿಲ್ಲಿಸಿ, ಸುತ್ತಲಿನ ಮಣ್ಣನ್ನು ಕುರುಪಿಯಿಂದ ಮೆಲ್ಲಗೆ ಸಡಿಲಿಸಿ, ನಿಂತ ನೀರು ಹರಿದು ಹೋಗುವಂತೆ ಮಾಡಬೇಕು.

ಇದಕ್ಕೆ ಪ್ರತಿಯಾಗಿ ಎರೆಭೂಮಿಯನ್ನು ಪೂರಾ ಒಣಗಲಿಕ್ಕೆ ಬಿಟ್ಟರೆ ಅದು ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿಯುವದು. ಆದ್ದರಿಂದ ಹೆಚ್ಚು ಕಡಿಮೆಯಾಗದ ತೇವವೇ ಒಳ್ಳೇದು.

ನೀರಿನ ಗುಣವನ್ನೂ ನೋಡಿಕೊಳ್ಳಿರಿ. ಅರಿವೆ ಒಗೆದ ಸೋಡಾ, ಸಾಬೂನಿನ ನೀರನ್ನು ನೇರವಾಗಿ ಗಿಡಕ್ಕೆ ಬಿಡುವದೂ ಸವಳು ಬಾವಿಯ ನೀರನ್ನೇ ತಿಂಗಳುಗಟ್ಟಲೆ ಹಾಕುವದೂ ಮಣ್ಣಿನಲ್ಲಿ ಉಪ್ಪನ್ನು ಸೇರಿಸುತ್ತವೆ. ಉಪ್ಪು ಹೆಚ್ಚಾದ ಮಣ್ಣಿನಿಂದ ಬೇರು ನೀರನ್ನು ಎಳೆದುಕೊಳ್ಳಲಾರದು. ಎಲೆಯ ಅಂಚು ಸುಟ್ಟಂತೆ ಕಂದಾಗಿ ಮಣ್ಣಿನ ಮೇಲೆ ಬಿಳೀ ಪೊರೆ ಕಂಡರೆ ಇದನ್ನು ಸಂಶಯಿಸಿರಿ. ಯೂರಿಯಾ ಗೊಬ್ಬರವನ್ನು ಹಿಡಿ ತುಂಬಿ ಬುಡಕ್ಕೆ ಎಸೆದರೂ ಮಾಗದ ಹಸೀ ಸಗಣಿಯನ್ನು ಹಾಕಿದರೂ ಬೇರು ಸುಡುವದು. ತಿಪ್ಪೆಯಲ್ಲಿ ಚೆನ್ನಾಗಿ ಮಾಗಿದ ಗೊಬ್ಬರವೇ ಯೋಗ್ಯವು.

ಮೂರನೆಯದು, ಬೇರನ್ನೂ ಕಾಂಡವನ್ನೂ ವಿಚಾರಿಸಿರಿ.

ನಸುಕಿನಲ್ಲಿಯೂ ಗಿಡ ಏಳಲಿಲ್ಲ, ಮಣ್ಣಿನ ತೇವವೂ ಸರಿಯಾಗಿಯೇ ಇದೆ ಎಂದಾದರೆ ದೋಷವು ಒಳಗಿದೆ. ಬಹಳ ಕೆಟ್ಟಿರುವ ಒಂದು ಗಿಡವನ್ನು ಬೇರು ಸಹಿತವಾಗಿ ಕೀಳಿರಿ. ಒಂದನ್ನು ಕಳಕೊಂಡು ಉಳಿದವುಗಳನ್ನು ರಕ್ಷಿಸುವದು ಬುದ್ಧಿವಂತಿಕೆಯು.

ಬೇರುಗಳ ಮೇಲೆ ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಅದು ಮಣ್ಣಿನಲ್ಲಿರುವ ಅತಿ ಸಣ್ಣ ಜಂತುಗಳ ಕೆಲಸ. ಇವು ಬೇರಿನೊಳಗೆ ಮನೆ ಮಾಡಿ ಗಿಡದ ನೀರಿಗೆ ಅಡ್ಡವಾಗುತ್ತವೆ. ಬೇವಿನ ಹಿಂಡಿಯನ್ನು ಮಣ್ಣಿಗೆ ಬೆರಸುವದರಿಂದಲೂ ಚೆಂಡು ಹೂವಿನ ಗಿಡಗಳನ್ನು ಆ ಸ್ಥಳದಲ್ಲಿ ಬೆಳೆಸುವದರಿಂದಲೂ ಇವು ಕಡಿಮೆಯಾಗುವವು.

ಕೆಳಗಿನ ಎಲೆಗಳು ಮೊದಲು ಹಳದಿಯಾಗಿ, ಅನೇಕ ಸಾರಿ ಗಿಡದ ಒಂದೇ ಪಕ್ಕ ಬಾಡಿ, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿದಾಗ ಒಳಗಿನ ನಾಳಗಳು ಕಂದು ಬಣ್ಣವಾಗಿ ಕಂಡರೆ ಅದು ಫ್ಯುಸೇರಿಯಂ ಎಂಬ ಬೂಷ್ಟಿನಿಂದಾಗುವ ಸೊರಗು ರೋಗವು. ಇದು ಬೆಚ್ಚಗಿನ ಮಣ್ಣಿನಲ್ಲಿ ಹೆಚ್ಚುವದು, ಮಣ್ಣಿನಲ್ಲಿ ಅನೇಕ ವರುಷ ಉಳಿಯುವದು.

ಗಿಡವು ಹಸುರಾಗಿರುವಾಗಲೇ, ಎಲೆ ಹಳದಿಯಾಗದೆ, ಎರಡು ಮೂರು ದಿನಗಳೊಳಗೆ ಕುಸಿದು ಬಿದ್ದರೆ ಅದು ಬಹುಶಃ ಬ್ಯಾಕ್ಟೀರಿಯಾದಿಂದಾಗುವ ಸೊರಗು ರೋಗವು. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬುಡದಿಂದ ಒಂದು ತುಂಡು ಕಾಂಡವನ್ನು ಕೊಯ್ದು, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ಕೊಯ್ದ ತುದಿಯು ನೀರಿನೊಳಗೆ ತೂಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನ ಎಳೆಯಂಥಾದ್ದು ಕಾಂಡದಿಂದ ಕೆಳಗೆ ಇಳಿದರೆ ಅದೇ ರೋಗ. ಕರಾವಳಿ, ಮಲೆನಾಡುಗಳ ಹುಳಿ ಮಣ್ಣಿನಲ್ಲಿ ಇದರ ಕಾಟ ಹೆಚ್ಚು. ಆದರೂ ಸಸಿಯ ಸಂಗಡ, ಮಣ್ಣಿನ ಸಂಗಡ, ಹರಿಯುವ ನೀರಿನ ಸಂಗಡ ಎಲ್ಲಿಗಾದರೂ ಬರಬಲ್ಲದು.

ಈ ಎರಡು ಸೊರಗು ರೋಗಗಳು ಹತ್ತಿದ ಗಿಡವನ್ನು ಬದುಕಿಸುವ ಔಷಧವಿಲ್ಲ. ಅಂಗಡಿಯವನು ಯಾವ ಸೀಸೆಯನ್ನು ತೋರಿಸಿದರೂ ಹಣವನ್ನು ಕಳಕೊಳ್ಳಬೇಡಿರಿ. ಗಿಡವನ್ನು ಬೇರಿನೊಂದಿಗೆ ಕಿತ್ತು, ತಿಪ್ಪೆಗೆ ಹಾಕದೆ, ಒಣಗಿಸಿ ಸುಡಬೇಕು. ಕುರುಪಿಯನ್ನೂ ಕೈಗಳನ್ನೂ ತೊಳಕೊಳ್ಳಬೇಕು. ಆ ಮಡಿಯ ನೀರು ಬೇರೆ ಗಿಡಗಳ ಕಡೆಗೆ ಹರಿಯದಂತೆ ಬದು ಹಾಕಬೇಕು. ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಒಂದೇ ಕುಲದವು. ಒಂದರ ಸ್ಥಳದಲ್ಲಿ ಮತ್ತೊಂದನ್ನು ಹಚ್ಚಿದರೆ ಬ್ಯಾಕ್ಟೀರಿಯಾಕ್ಕೆ ಉಣ್ಣಲಿಕ್ಕೆ ಇಟ್ಟಂತಾಗುವದು. ಕಡಿಮೆಗೆ ಮೂರು ವರುಷ ಅಲ್ಲಿ ಗೋವಿನ ಜೋಳವನ್ನಾಗಲಿ ಉಳ್ಳಾಗಡ್ಡಿಯನ್ನಾಗಲಿ ಬೆಳೆಯಿರಿ.

ಇನ್ನೊಂದು ಉಪಾಯವುಂಟು. ಬೆಳೆಯಿಲ್ಲದ ಮಡಿಯನ್ನು ಕಡುಬೇಸಿಗೆಯಲ್ಲಿ ಅಗಿದು, ನೀರು ಹಾಕಿ ನೆನಸಿ, ಮೇಲೆ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ೪ ರಿಂದ ೬ ವಾರ ಬಿಟ್ಟರೆ ಮಣ್ಣು ಬಿಸಿಯೇರಿ ಅನೇಕ ರೋಗಬೀಜಗಳೂ ಜಂತುಗಳೂ ಸಾಯುವವು. ನಾವು ಬೈಯುವ ಬಿಸಿಲೇ ಇಲ್ಲಿ ವೈದ್ಯನಾಗುತ್ತದೆ.

ನಾಲ್ಕನೆಯದು, ಬಾಡುವದಕ್ಕೆ ಮೊದಲೇ ಬೇರನ್ನು ಸಂರಕ್ಷಿಸಿರಿ.

ನಮ್ಮ ಊರಿನಲ್ಲಿ ಒಂದು ಪುರಾತನ ಸಾಕ್ಷಿ ಇದೆ. ಕ್ರಿ.ಶ. ೯೪೫ರಲ್ಲಿ, ರಾಷ್ಟ್ರಕೂಟ ಅರಸನಾದ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನು ಇಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದನೆಂದು ಸಾಲೋಟಗಿಯ ಕಂಬದ ಶಾಸನವು ತಿಳಿಸುತ್ತದೆ. ಆಗ ಊರಿನ ಹೆಸರು ಪಾವಿಟ್ಟಗೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿದ್ದ ಆ ಶಾಲೆಗೆ ಬರೀ ಗೋಡೆ ಮಾಳಿಗೆಗಳನ್ನು ಕೊಟ್ಟು ಸುಮ್ಮನಾಗಲಿಲ್ಲ. ವಾಸಕ್ಕೆ ೨೭ ಮನೆಗಳು, ಪೋಷಣೆಗೆ ಭೂಮಿ, ರಾತ್ರಿ ಉರಿಯುವ ದೀಪಕ್ಕೂ ಭೂಮಿ, ಹೀಗೆ ಬುಡದಿಂದಲೇ ಏರ್ಪಾಟಾಯಿತು. ಕಣ್ಣಿಗೆ ಕಾಣುವ ಕೊಂಬೆಗಿಂತ ಕಾಣದ ಬೇರಿನ ಚಿಂತೆಯನ್ನು ಮೊದಲು ಮಾಡುವದು ಎಲ್ಲಾ ಕಾಲದ ಬುದ್ಧಿವಂತರ ರೀತಿಯಾಗಿದೆ.

ಹಿತ್ತಲಿನಲ್ಲಿಯೂ ಹಾಗೆಯೇ. ಟೊಮೆಟೊ ಕಾಂಡವನ್ನು ಮಣ್ಣಿನಲ್ಲಿ ಹೂಳಿದರೆ ಅಲ್ಲಿಂದಲೇ ಹೊಸ ಬೇರು ಹೊರಡುವದು. ಆದ್ದರಿಂದ ಸಸಿಯನ್ನು ಕೆಳಗಿನ ಎಲೆಗಳ ವರೆಗೆ ಆಳವಾಗಿ ನೆಡಿರಿ. ಸಂಜೆಯಲ್ಲಿ ನೆಟ್ಟು, ನಾಲ್ಕೈದು ದಿನ ನೆರಳು ಮಾಡಿರಿ. ಜೋಳದ ಕಣಿಕೆಯನ್ನಾಗಲಿ ಕಬ್ಬಿನ ರವದಿಯನ್ನಾಗಲಿ ಬುಡದ ಸುತ್ತ ಮೂರು ಅಂಗುಲ ದಪ್ಪವಾಗಿ ಹಾಸಿರಿ. ಕಾಂಡಕ್ಕೆ ಮಾತ್ರ ತಾಗದೆ ನಾಲ್ಕು ಬೆರಳು ಬಿಟ್ಟಿರಲಿ. ಈ ಹಾಸಿಗೆಯು ಮಣ್ಣನ್ನು ತಂಪಾಗಿಟ್ಟು ತೇವವನ್ನು ಉಳಿಸುವದು. ಗೆದ್ದಲು ಹತ್ತದಂತೆ ಆಗಾಗ್ಗೆ ಎತ್ತಿ ನೋಡತಕ್ಕದ್ದು. ಪಡುವಣ ಬಿಸಿಲಿಗೆ ಅಡ್ಡವಾಗಿ ಹಳೇ ಸೀರೆಯನ್ನು ಕಟ್ಟಿದರೂ ಸಾಕು, ಆದರೆ ಬೆಳಗಿನ ಬಿಸಿಲನ್ನು ತಡೆಯಬೇಡಿರಿ.

ತಳಿಯನ್ನೂ ನೋಡಿ ಆರಿಸಿಕೊಳ್ಳಿರಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತೆಗೆದ ಅರ್ಕಾ ರಕ್ಷಕ್ ಎಂಬ ತಳಿಯು ಬ್ಯಾಕ್ಟೀರಿಯಾ ಸೊರಗು ರೋಗ, ಎಲೆ ಮುದುಡು ರೋಗ, ಅಂಗಮಾರಿ ಈ ಮೂರನ್ನೂ ತಾಳುವಂಥಾದ್ದು. ಸಂಶಯವಿದ್ದವರು ಕಿತ್ತ ಗಿಡವನ್ನು ಒಂದು ಚೀಲದಲ್ಲಿ ಕಟ್ಟಿಕೊಂಡು ಇಂಡಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿರಿ. ಕೇಳಿ ತಿಳಿಯುವದು ಅವಮಾನವಲ್ಲ.

ಐದನೆಯದು, ನೆರೆಯವರ ಮೇಲೆ ಹೊರಿಸಬೇಡಿರಿ.

ಪ್ರಿಯರೇ, ಈಗ ನಾನು ಮುಖ್ಯವಾದ ಮಾತಿಗೆ ಬಂದೆನು. ಇಂಥ ಊರಿನಲ್ಲಿ ಹೀಗೆ ನಡೆಯಿತೆಂದು ನಾನು ಹೇಳುವದಿಲ್ಲ. ಯಾವ ಊರಿನಲ್ಲಿ ನಡೆಯುವದಿಲ್ಲವೆಂದು ನಿಮ್ಮನ್ನು ಕೇಳುತ್ತೇನೆ. ಪಕ್ಕದ ಮನೆಯ ವಿಧವೆಯೊಬ್ಬಳು ಗೋಡೆಯ ಆಚೆಯಿಂದ ನೋಡಿ, “ಎಷ್ಟು ಚೆಂದ ಕಾಯಿ ಬಿಟ್ಟಾವ ನಮ್ಮವ್ವ,” ಎಂದು ಸಂತೋಷಪಟ್ಟು ಹೋದಳು. ಮೂರನೆಯ ದಿನ ಗಿಡ ಬಾಡಿತು. ಅಂದಿನಿಂದ ಆಕೆಯ ಕಣ್ಣು ಕೆಟ್ಟದ್ದೆಂಬ ಮಾತು ಹುಟ್ಟಿತು. ಆಕೆಗೆ ಮಜ್ಜಿಗೆ ಕೊಡುವದು ನಿಂತಿತು, ಮಕ್ಕಳನ್ನು ಆಕೆಯ ಬಳಿಗೆ ಕಳುಹಿಸುವದು ನಿಂತಿತು. ಮತ್ತೊಂದು ಮನೆಯಲ್ಲಿ ಹೊರಗಾದ ಸೊಸೆಯ ನೆರಳು ಬಿದ್ದು ಗಿಡ ಕೆಟ್ಟಿತೆಂದು ಅತ್ತೆಯು ಬೈದಳು. ಆ ಸೊಸೆಯೇ ದಿನಾಲು ಎರಡು ಕೊಡ ನೀರು ಹೊತ್ತು ಆ ಗಿಡಗಳನ್ನು ಸಾಕಿದವಳಾಗಿದ್ದಳು!

ಯೋಚಿಸಿರಿ. ಬೂಷ್ಟಾಗಲಿ ಬ್ಯಾಕ್ಟೀರಿಯಾವಾಗಲಿ ಮಣ್ಣಿನಿಂದ ಬೇರಿನೊಳಗೆ ಸೇರಿ, ನಾಳಗಳಲ್ಲಿ ಹೆಚ್ಚಿ, ನೀರಿನ ದಾರಿಯನ್ನು ಮುಚ್ಚಿದ ಮೇಲೆ ಎಲೆ ಬಾಡುತ್ತದೆ. ನಮ್ಮ ಕಣ್ಣಿಗೆ ಕಾಣುವದಕ್ಕಿಂತ ಎಷ್ಟೋ ದಿನ ಮೊದಲೇ ಆ ಕೆಲಸವು ಆರಂಭವಾಗಿರುತ್ತದೆ. ಆ ವಿಧವೆಯು ಹೊಗಳಿದ ದಿನವೇ ರೋಗವು ಒಳಗಿತ್ತು. ಹೆಂಗಸರ ಶರೀರದ ಕ್ರಮವು ದೇವರು ಇಟ್ಟದ್ದು, ಅದಕ್ಕೂ ಗಿಡದ ಬೇರಿಗೂ ಯಾವ ಸಂಬಂಧವೂ ಇಲ್ಲ. ಲೋಟದ ನೀರಿನಲ್ಲಿ ಹಾಲಿನ ಎಳೆ ಇಳಿಯುವದನ್ನು ಕಣ್ಣಾರೆ ಕಂಡವನು ಇನ್ನು ಯಾವ ಬಾಯಿಂದ ಆ ಬಡವಳನ್ನು ದೂರುವನು? ಆ ಒಂದು ಲೋಟ ನೀರು ನಿರಪರಾಧಿಗೆ ಸಾಕ್ಷಿಯಾಗಿ ನಿಲ್ಲುತ್ತದೆ. ನೆರೆಯವನ ವಿಷಯವಾಗಿ ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಯು ಕಚೇರಿಯ ಕಟಕಟೆಗೆ ಮಾತ್ರ ಸಲ್ಲುವದೆಂದು ನೆನಸಬೇಡಿರಿ. ಅದು ಹಿತ್ತಲ ಗೋಡೆಗೂ ಸಲ್ಲುತ್ತದೆ.

ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು ಇದು ಯಾರ ಪಾಪದಿಂದಾಯಿತೆಂದು ಕೇಳಿದರು. ಕರ್ತನು ಅವನ ಮೇಲೂ ತಂದೆತಾಯಿಗಳ ಮೇಲೂ ತಪ್ಪು ಹೊರಿಸದೆ, ಮಾಡತಕ್ಕ ಕೆಲಸದ ಕಡೆಗೆ ಅವರನ್ನು ತಿರುಗಿಸಿದನು. ಯಾರು ಕಾರಣವೆಂದು ಕೇಳುವದು ಸುಲಭ. ಏನು ಕಾರಣ, ಈಗ ಏನು ಮಾಡಬೇಕು ಎಂದು ಕೇಳುವದಕ್ಕೆ ನಮ್ರತೆ ಬೇಕು.

ಮತ್ತೊಂದು ಎಚ್ಚರಿಕೆಯ ಮಾತು. ರೋಗದ ಗಿಡವನ್ನು ಕಿತ್ತು ಸುಡಿರೆಂದು ಹೇಳಿದೆನು. ಈ ನಿಯಮವು ಗಿಡಗಳಿಗೆ ಮಾತ್ರ. ಸಭೆಯಲ್ಲಿ ಬಾಡಿದವನೊಬ್ಬನಿದ್ದರೆ, ಆರಾಧನೆಗೆ ಬಾರದವಳೊಬ್ಬಳಿದ್ದರೆ, ಇವರು ಕೆಟ್ಟರು, ಕಿತ್ತುಹಾಕೋಣ ಎನ್ನಬೇಡಿರಿ. ಗೋದಿಯ ನಡುವೆ ಕಂಡ ಹಣಜಿಯನ್ನು ಸುಗ್ಗಿಯ ವರೆಗೂ ಕೀಳಬೇಡಿರೆಂದು ಒಡೆಯನು ಆಳುಗಳಿಗೆ ಹೇಳಿದ ಸಾಮ್ಯವನ್ನು ನೆನಪಿಗೆ ತಂದುಕೊಳ್ಳಿರಿ. ಅಂಥವರ ಮನೆಗೆ ಸಂಜೆಯಲ್ಲಿ ಹೋಗಿರಿ. ಅದು ಬಿಸಿಲಿನ ಆಯಾಸವೋ, ಸಾಲದ ಚಿಂತೆಯೋ, ಯಾರಿಗೂ ಹೇಳದ ದುಃಖವೋ ಎಂಬದನ್ನು ತಾಳ್ಮೆಯಿಂದ ಕೇಳಿರಿ. ಬೋಧನೆಯ ಕೊಡವನ್ನು ತಲೆಯ ಮೇಲೆ ಸುರಿಯುವದಕ್ಕೆ ಮೊದಲು ಮಣ್ಣಿನೊಳಗೆ ಬೆರಳಿಟ್ಟು ನೋಡಿರಿ.

ಯೋನನಿಗೆ ದೇವರು ಕೊನೆಯಲ್ಲಿ ಕೇಳಿದ್ದು ಒಂದು ಪ್ರಶ್ನೆ. ತಾನು ನೆಡದ, ಸಾಕದ ಬಳ್ಳಿಗಾಗಿ ಅವನು ಇಷ್ಟು ಮರುಗಿದ ಮೇಲೆ ಅಷ್ಟೊಂದು ಜನರಿಗಾಗಿ ದೇವರು ಮರುಗಬಾರದೋ ಎಂಬದು ಅದರ ತಾತ್ಪರ್ಯ. ಯೋನನು ಕೊಟ್ಟ ಉತ್ತರವನ್ನು ಆ ಗ್ರಂಥವು ಹೇಳುವದಿಲ್ಲ. ಉತ್ತರವನ್ನು ನಾವು ಕೊಡಬೇಕಾಗಿದೆ. ನಮ್ಮ ಐದು ಟೊಮೆಟೊ ಗಿಡಗಳು ಬಾಡಿದ್ದಕ್ಕೆ ನಾವು ದುಃಖಪಟ್ಟದ್ದು ತಪ್ಪಲ್ಲ. ಆದರೆ ಗೋಡೆಯ ಆಚೆ ನಮ್ಮ ಮಾತಿನಿಂದ ಬಾಡಿದ ಮುಖವೊಂದು ಇದ್ದರೆ ಈ ಹೊತ್ತೇ ಹೋಗಿ ಆಕೆಯನ್ನು ಮಾತಾಡಿಸೋಣ. ಉಳಿದ ಗಿಡದಲ್ಲಿ ಹಣ್ಣಾದದ್ದನ್ನು ಮೊದಲು ಆಕೆಯ ಉಡಿಗೆ ಹಾಕೋಣ.

ವಿಚಾರಿಸುವ ಬುದ್ಧಿಯನ್ನೂ ಮರುಗುವ ಹೃದಯವನ್ನೂ ಕರ್ತನು ನಮಗೆಲ್ಲರಿಗೂ ದಯಪಾಲಿಸಲಿ. ಆಮೆನ್.